ಆಟ ದುಡಿಮೆಯಾದ ಊರು: ನಾಟಿಂಗ್‌ಹ್ಯಾಮಿನ ಮೊದಲ ಕ್ರಿಕೆಟ್

ಹದಿನೆಂಟನೆಯ ಶತಮಾನದ ಕ್ರಿಕೆಟ್ ಮುಖ್ಯವಾಗಿ ಇಂಗ್ಲೆಂಡಿನ ದಕ್ಷಿಣದ ಆಟ. ಕೆಂಟ್, ಸಸೆಕ್ಸ್, ಸರ್ರೆ, ಹ್ಯಾಂಪ್‌ಷೈರ್ ಸೀಮೆಗಳ ಜಮೀನ್ದಾರರು ತಂಡ ಕಟ್ಟಿ, ಒಬ್ಬರ ಮೇಲೊಬ್ಬರು ದೊಡ್ಡ ಮೊತ್ತದ ಪಣ ಒಡ್ಡಿ, ಚೆನ್ನಾಗಿ ಚೆಂಡೆಸೆಯುವವನನ್ನು ತೋಟದ ಮಾಲಿಯೆಂದೋ ಕಾಡಿನ ಕಾವಲುಗಾರನೆಂದೋ ಹೆಸರಿಗೆ ನೇಮಿಸಿಕೊಂಡು ಆಡಿಸುತ್ತಿದ್ದರು. ಬಡವನಿಗೆ ಆಟದಿಂದ ಕಾಸು ಸಿಗುತ್ತಿತ್ತು, ಆದರೆ ಅದು ಧಣಿಯ ಮರ್ಜಿಯ ಕಾಸು; ಧಣಿಗೆ ಜೂಜು ಬೇಸರವಾದ ದಿನ ಅವನ ಕ್ರಿಕೆಟ್ಟೂ ಮುಗಿಯುತ್ತಿತ್ತು. ಈ ವ್ಯವಸ್ಥೆಯಿಂದ ಹೊರಗೆ, ಲಂಡನ್ನಿನಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ, ಟ್ರೆಂಟ್ ನದಿಯ ದಡದ ನಾಟಿಂಗ್‌ಹ್ಯಾಮಿನಲ್ಲಿ ಕ್ರಿಕೆಟ್ ಬೇರೆಯದೇ ದಾರಿಯಲ್ಲಿ ಬೆಳೆಯಿತು. ಅಲ್ಲಿ ಅದನ್ನು ಬೆಳೆಸಿದವರು ಕಾಲುಚೀಲ ಹೆಣೆಯುವವರು, ಕಲ್ಲು-ಇಟ್ಟಿಗೆ ಕಟ್ಟುವವರು, ಪಾನಗೃಹ ನಡೆಸುವವರು. ಆಟಕ್ಕೆ ಕೂಲಿ ಎಷ್ಟು, ಅದನ್ನು ಕೊಡಬೇಕಾದವರು ಯಾರು, ಕೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗಳು ಈ ಊರಿನಲ್ಲಿ ಸುಮಾರು ನೂರು ವರ್ಷ ಬಿಡದೆ ಕಾಡಿದ್ದರಿಂದ, ವೃತ್ತಿಪರ ಕ್ರಿಕೆಟ್ ಹೇಗೆ ಹುಟ್ಟಿತೆಂದು ತಿಳಿಯಬೇಕಾದವರು ನಾಟಿಂಗ್‌ಹ್ಯಾಮಿಗೇ ಬರಬೇಕಾಗುತ್ತದೆ. (ಆ ಕಾಲದಲ್ಲಿ ಅದಿನ್ನೂ ಪಟ್ಟಣ, ನಗರವೆಂಬ ಅಧಿಕೃತ ಮನ್ನಣೆ ದೊರೆತದ್ದು 1897ರಲ್ಲಿ.)

ಮೊದಲು ಊರಿನ ಕಸುಬನ್ನು ನೋಡಬೇಕು. ನಾಟಿಂಗ್‌ಹ್ಯಾಮಿಗೆ ಹತ್ತಿರದ ಕ್ಯಾಲ್ವರ್ಟನ್ ಹಳ್ಳಿಯ ವಿಲಿಯಂ ಲೀ ಎಂಬ ಪಾದ್ರಿ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವೊಂದನ್ನು ರೂಪಿಸಿದನೆಂದು ಪ್ರತೀತಿ. ಮುಂದಿನ ಎರಡು ಶತಮಾನಗಳಲ್ಲಿ ಆ ಯಂತ್ರ ಇಡೀ ಸೀಮೆಯ ಮನೆಮನೆಗೂ ಹೊಕ್ಕಿತು. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ನೇಕಾರರ ಮನೆಯೊಳಗೆ ಕಾಲಿಟ್ಟವರಿಗೆ ಆ ಬದುಕಿನ ವಿನ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ: ಯಂತ್ರ ವ್ಯಾಪಾರಿಯದು, ಅದಕ್ಕೆ ವಾರವಾರವೂ ಬಾಡಿಗೆ, ನೂಲೂ ಅವನದೇ, ಹೆಣೆದು ಕೊಟ್ಟ ಲೆಕ್ಕಕ್ಕೆ ಕೂಲಿ. ಬೆಳಕು ಬೇಕೆಂದು ಅಗಲವಾದ ಕಿಟಕಿ ಇಟ್ಟುಕೊಂಡ ಆ ಮನೆಗಳು ಇಂದಿಗೂ ಸುತ್ತಲಿನ ಊರುಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಕೂಲಿ ಕಡಿಮೆ, ಸಾಲ ಹೆಚ್ಚು. 1811ರಲ್ಲಿ ಯಂತ್ರಗಳನ್ನು ಒಡೆದ ಲಡೈಟರ ದಂಗೆ ಎದ್ದದ್ದು ಇಲ್ಲಿಯದೇ ಆರ್ನಾಲ್ಡ್ ಎಂಬ ಊರಿನಲ್ಲಿ. ಆದರೂ ಕಾರ್ಖಾನೆಯ ಗಂಟೆಗೆ ಕಟ್ಟುಬಿದ್ದ ಆಳಿಗೆ ಇಲ್ಲದ ಒಂದು ಸ್ವಾತಂತ್ರ್ಯ ಈ ಮನೆದುಡಿಮೆಯವನಿಗೆ ಇತ್ತು. ವಾರದ ಕೊನೆಗೆ ಲೆಕ್ಕ ಒಪ್ಪಿಸಿದರೆ ಸಾಕು, ಯಾವ ದಿನ ಎಷ್ಟು ಹೊತ್ತು ಕೂರುವುದು ಎಂಬುದು ಅವನಿಗೆ ಬಿಟ್ಟದ್ದು. ಹೀಗಾಗಿ ಸೋಮವಾರವನ್ನು ತಾವೇ ರಜೆಯೆಂದು ಸಾರಿಕೊಂಡು, ಗುರುವಾರ ಶುಕ್ರವಾರ ದೀಪ ಹಚ್ಚಿಕೊಂಡು ದುಡಿದು ಸರಿದೂಗಿಸುವುದು ರೂಢಿಯಾಯಿತು. ಎರಡು ಮೂರು ದಿನ ನಡೆಯುವ ಆಟವೊಂದು ದುಡಿಯುವ ಜನರ ನಡುವೆ ಬೇರೂರಬೇಕಾದರೆ ಅವರ ಕೈಯಲ್ಲಿ ಸಮಯ ಇರಬೇಕು. ನಾಟಿಂಗ್‌ಹ್ಯಾಮಿನ ಬಡವರಿಗೆ ಹಣವಿರಲಿಲ್ಲ, ಸಮಯವಿತ್ತು.

ಬಯಲೂ ಇತ್ತು, ಅದೂ ವಿಚಿತ್ರ ಕಾರಣಕ್ಕೆ. ಪಟ್ಟಣದ ಸುತ್ತಲಿನ ಹುಲ್ಲುಗಾವಲುಗಳ ಮೇಲೆ ಊರಿನ ಹಕ್ಕುದಾರ ನಾಗರಿಕರಿಗೆ ದನ ಮೇಯಿಸುವ ಸಾಮುದಾಯಿಕ ಹಕ್ಕಿತ್ತು, ಅದನ್ನು ಅವರು ಬಿಟ್ಟುಕೊಡಲಿಲ್ಲ. 1801ರಲ್ಲಿ ಮೂವತ್ತು ಸಾವಿರದ ಹತ್ತಿರವಿದ್ದ ಜನಸಂಖ್ಯೆ 1831ರ ಹೊತ್ತಿಗೆ ಐವತ್ತು ಸಾವಿರ ಮುಟ್ಟಿದಾಗಲೂ ಮನೆ ಕಟ್ಟಲು ಹೊರಗೆ ಜಾಗ ಸಿಗದೆ, ಜನ ಒಳಗೊಳಗೇ ಒತ್ತೊತ್ತಾಗಿ ತುಂಬಿಕೊಂಡು, ದೇಶದ ಅತಿ ಕೆಟ್ಟ ಕೊಳೆಗೇರಿಗಳಲ್ಲಿ ಒಂದೆಂಬ ಕುಖ್ಯಾತಿ ಬಂದಿತು. ಕೊಳೆಗೇರಿಯ ಗೋಡೆ ದಾಟಿದೊಡನೆ ಬಯಲು. 1845ರ ಕಾಯಿದೆ ಆ ಹೊಲಗಳನ್ನು ಹಂಚಿಹಾಕುವ ತನಕ ಪರಿಸ್ಥಿತಿ ಹೀಗೇ ಇತ್ತು. ಊರಿನ ಉತ್ತರಕ್ಕೆ ‘ಫಾರೆಸ್ಟ್’ ಎಂದು ಕರೆಯುತ್ತಿದ್ದ ತೆರೆದ ದಿಬ್ಬದ ಮೇಲೆ ಕುದುರೆ ಜೂಜಿನ ಮೈದಾನ. ಓಟವಿಲ್ಲದ ದಿನಗಳಲ್ಲಿ ಅಲ್ಲಿಯೇ ಕ್ರಿಕೆಟ್. ಬೇಲಿಯಿಲ್ಲ, ಟಿಕೆಟ್ಟಿಲ್ಲ, ಇಳಿಜಾರಿನಲ್ಲಿ ಕುಳಿತು ಊರೇ ನೋಡಬಹುದಿತ್ತು.

ದಾಖಲೆಯಲ್ಲಿ ಸಿಗುವ ಮೊದಲ ಪಂದ್ಯ 1771ರ ಆಗಸ್ಟ್‌ನದು: ಅದೇ ಫಾರೆಸ್ಟ್ ಬಯಲಿನಲ್ಲಿ ನಾಟಿಂಗ್‌ಹ್ಯಾಮಿಗೂ ಷೆಫೀಲ್ಡಿಗೂ ನಡೆದದ್ದು. ಷೆಫೀಲ್ಡ್ ಚಾಕು-ಚೂರಿ ಮಾಡುವವರ ಊರು. ಅಲ್ಲಿಯೂ ಆಡುತ್ತಿದ್ದವರು ಕುಶಲಕರ್ಮಿಗಳೇ. ಎರಡು ಕಸುಬಿನ ಊರುಗಳ ಈ ಹಟ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. ದಕ್ಷಿಣದವರ ಕಣ್ಣಿಗೆ ಇವರು ಬಿದ್ದದ್ದು 1791ರಲ್ಲಿ, ವಿಂಚಿಲ್ಸಿಯ ಅರ್ಲ್ ಲಂಡನ್ನಿನ ಮೇರಿಲ್‌ಬೋನ್ ಕ್ಲಬ್ಬಿನ ತಂಡವನ್ನು ಕರೆತಂದು ಕಿಂಗ್ಸ್ ಮೆಡೋ ಎಂಬ ಹುಲ್ಲುಗಾವಲಿನಲ್ಲಿ ಆಡಿಸಿದಾಗ. ನಾಟಿಂಗ್‌ಹ್ಯಾಮ್ ಸೋತಿತು, ಲಂಡನ್ನಿನವರ ಆಟ ತಮ್ಮದಕ್ಕಿಂತ ಎಷ್ಟು ಮುಂದಿದೆ ಎಂಬುದು ಮನವರಿಕೆಯಾಯಿತು. ಇದಕ್ಕಿಂತ ದೊಡ್ಡ ಪೆಟ್ಟು 1826ರಲ್ಲಿ ಷೆಫೀಲ್ಡಿನ ಡಾರ್ನಲ್ ಮೈದಾನದಲ್ಲಿ ಬಿದ್ದಿತು. ಷೆಫೀಲ್ಡ್ ಮತ್ತು ಲೆಸ್ಟರ್ ಸೇರಿ ಕಟ್ಟಿದ ತಂಡದ ಪರ ಟಾಮ್ ಮಾರ್ಸ್‌ಡೆನ್ 227 ಓಟ ಹೊಡೆದ. ಒಂದು ತಂಡ ಒಟ್ಟಾಗಿ ನೂರು ದಾಟಿದರೆ ದೊಡ್ಡದೆನ್ನುವ, ಹುಲ್ಲು ಕೊಯ್ಯಲು ಕುರಿಗಳನ್ನು ನೆಚ್ಚಿದ್ದ ಆ ಕಾಲದ ಪಿಚ್ಚಿನ ಮೇಲೆ ಒಬ್ಬನೇ 227! ಅಂದು ಸೋತ ನಾಟಿಂಗ್‌ಹ್ಯಾಮ್ ತಂಡದಲ್ಲಿ ವಿಲಿಯಂ ಕ್ಲಾರ್ಕ್ ಎಂಬ ಇಪ್ಪತ್ತೇಳರ ಯುವಕನೂ ಇದ್ದ.

ಕ್ಲಾರ್ಕನ ಕಥೆಗೆ ಹೋಗುವ ಮುನ್ನ ಚೆಂಡೆಸೆತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದಿಲ್ಲದೆ ಅವನ ಸಾಧನೆ ಅರ್ಥವಾಗದು. ಆಗಿನ ನಿಯಮದಂತೆ ಚೆಂಡನ್ನು ಮೊಣಕೈಗಿಂತ ಕೆಳಗಿನಿಂದಲೇ ಎಸೆಯಬೇಕಿತ್ತು. 1820ರ ದಶಕದಲ್ಲಿ ಹಲವರು ತೋಳನ್ನು ಪಕ್ಕಕ್ಕೆ ಚಾಚಿ, ಭುಜದ ಮಟ್ಟದಿಂದ ಬೀಸತೊಡಗಿದರು. ವಾದವಿವಾದಗಳ ಬಳಿಕ 1835ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಇಂದಿನಂತೆ ತಲೆಯ ಮೇಲಿನಿಂದ ಎಸೆಯಲು 1864ರವರೆಗೆ ಕಾಯಬೇಕಾಯಿತು. ಭುಜಮಟ್ಟದ ವೇಗದ ಎಸೆತವನ್ನು ನಾಟಿಂಗ್‌ಹ್ಯಾಮಿನವರು ಬೇಗನೆ ಕೈವಶ ಮಾಡಿಕೊಂಡರು. ಆರ್ನಾಲ್ಡಿನ ಸ್ಯಾಮ್ ರೆಡ್‌ಗೇಟ್ 1839ರಲ್ಲಿ ಕೆಂಟ್ ತಂಡದ ಎದುರು, ನಾಲ್ಕು ಎಸೆತದ ಒಂದೇ ಓವರಿನಲ್ಲಿ ಫುಲರ್ ಪಿಲ್ಚ್, ಆಲ್‌ಫ್ರೆಡ್ ಮಿನ್ ಎಂಬ ಅಂದಿನ ಇಬ್ಬರು ಮಹಾ ಆಟಗಾರರನ್ನು ಬೆನ್ನುಬೆನ್ನಿಗೆ ಬೌಲ್ಡ್ ಮಾಡಿ, ಮರು ಎಸೆತಕ್ಕೆ ಮತ್ತೊಬ್ಬನನ್ನೂ ಕೆಡವಿದ. ಪ್ರತಿ ವಿಕೆಟ್ಟಿಗೂ ಒಂದು ಲೋಟ ಬ್ರಾಂದಿ ಏರಿಸಿದನೆಂದು ಕಥೆ. ಕಥೆ ಎಷ್ಟು ನಿಜವೋ, ಕುಡಿತ ಮಾತ್ರ ನಿಜ. ರೆಡ್‌ಗೇಟ್ ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡ.

ಕ್ಲಾರ್ಕ್ ಈ ಹೊಸ ಬಗೆಗೆ ತಿರುಗಲೇ ಇಲ್ಲ. 1798ರ ಕ್ರಿಸ್‌ಮಸ್‌ನ ಹಿಂದಿನ ದಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಅವನು ಇಟ್ಟಿಗೆ ಕಟ್ಟುವ ಕೆಲಸ ಕಲಿತು, ಆಮೇಲೆ ಊರಿನ ಬೆಲ್ ಇನ್ ಎಂಬ ಪಾನಗೃಹವನ್ನು ನಡೆಸಿದ. ಗೋಡೆಗೆ ಚೆಂಡು ಹೊಡೆದು ಆಡುವ ಫೈವ್ಸ್ ಆಟದಲ್ಲಿ ಒಂದು ಕಣ್ಣು ಕಳೆದುಕೊಂಡ. ಉಳಿದ ಒಂದೇ ಕಣ್ಣಿನಲ್ಲಿ ಎದುರಾಳಿಯ ನಿಲುವು, ಹಿಡಿತ, ಅವಸರ ಎಲ್ಲವನ್ನೂ ಅಳೆದು, ಸೊಂಟದ ಬಳಿಯಿಂದ ನಿಧಾನವಾಗಿ ಚೆಂಡನ್ನು ತಿರುಗಿಸಿ ಬಿಡುತ್ತಿದ್ದ. ಅದು ನೆಲಕ್ಕೆ ಬಿದ್ದಮೇಲೆ ಕಾಲಿನ ಕಡೆಯಿಂದ ಹೊರಕ್ಕೆ ಹೊರಳುತ್ತಿತ್ತು. ನೋಡುವವರಿಗೆ ಯಾರಾದರೂ ಹೊಡೆಯಬಹುದಾದ ಚೆಂಡು. ಮುನ್ನುಗ್ಗಿ ಹೊಡೆಯಹೋದವನು ಸ್ಟಂಪ್ ಆಗುತ್ತಿದ್ದ, ಇಲ್ಲವೇ ಕ್ಲಾರ್ಕ್ ಮೊದಲೇ ನಿಲ್ಲಿಸಿದ್ದ ಜಾಗದಲ್ಲಿದ್ದವನ ಕೈಗೆ ಕ್ಯಾಚ್ ಕೊಡುತ್ತಿದ್ದ.

1837ರ ಕೊನೆಗೆ ಕ್ಲಾರ್ಕ್ ಮೇರಿ ಚಾಪ್‌ಮನ್ ಎಂಬ ವಿಧವೆಯನ್ನು ಮದುವೆಯಾದ. ಟ್ರೆಂಟ್ ನದಿಯ ಸೇತುವೆ ದಾಟಿದೊಡನೆ ಸಿಗುವ ಟ್ರೆಂಟ್ ಬ್ರಿಜ್ ಇನ್ ಆಕೆಯದು: ದಾರಿಹೋಕರಿಗೆ ಊಟ, ಬಿಯರ್, ಮಲಗಲು ಕೋಣೆ, ಹಿಂದೆ ಒಂದು ಹೊಲ. ಮರುವರ್ಷವೇ ಆ ಹೊಲವನ್ನು ಸಮ ಮಾಡಿಸಿ, ಸುತ್ತ ಬೇಲಿ ಹಾಕಿಸಿ, ಒಳಗೆ ಬರುವವರಿಂದ ಹಣ ಪಡೆದು ಪಂದ್ಯ ಆಡಿಸತೊಡಗಿದ. ಇಂದು ಟೆಸ್ಟ್ ಪಂದ್ಯಗಳು ನಡೆಯುವ, 2002 ಮತ್ತು 2011ರಲ್ಲಿ ರಾಹುಲ್ ದ್ರಾವಿಡ್ ಶತಕ ಬಾರಿಸಿದ ಟ್ರೆಂಟ್ ಬ್ರಿಜ್ ಮೈದಾನ ಹುಟ್ಟಿದ್ದು ಹೀಗೆ, ಪಾನಗೃಹದ ಹಿತ್ತಲಾಗಿ. ಆಡಳಿತದ ಗಡಿ ಹಿಡಿದು ಹೇಳುವುದಾದರೆ ಅದು ನಾಟಿಂಗ್‌ಹ್ಯಾಮ್ ನಗರದೊಳಗೆ ಇಲ್ಲವೇ ಇಲ್ಲ. ನದಿಯಾಚೆಯ ವೆಸ್ಟ್ ಬ್ರಿಜ್‌ಫರ್ಡಿನಲ್ಲಿದೆ.

ಬೇಲಿಯೊಂದು ಸಣ್ಣ ಸಂಗತಿಯೆಂದು ತೋರಬಹುದು, ಆದರೆ ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದ ತಿರುವು ಅದರಲ್ಲಿಯೇ ಇದೆ. ಧಣಿಯ ಪಣದ ಬದಲು ನೋಡುವವರ ಕಾಸಿನಿಂದ ಆಟ ನಡೆಯಬೇಕಾದರೆ, ಕಾಸು ಕೊಡದವನನ್ನು ಹೊರಗಿಡುವ ವ್ಯವಸ್ಥೆ ಬೇಕು. ಫಾರೆಸ್ಟ್ ಬಯಲಿನಲ್ಲಿ ಪುಕ್ಕಟೆ ನೋಡಿ ರೂಢಿಯಾಗಿದ್ದ ಊರಿನವರಿಗೆ ಇದು ಹಿಡಿಸಲಿಲ್ಲ. 1841ರಲ್ಲಿ ನಾಟಿಂಗ್‌ಹ್ಯಾಮ್‌ಷೈರ್ ಕೌಂಟಿ ಕ್ಲಬ್ಬೂ ರೂಪುಗೊಂಡಿತಾದರೂ ಕ್ಲಾರ್ಕನಿಗೆ ನಿರೀಕ್ಷಿಸಿದಷ್ಟು ಗಳಿಕೆಯಾಗಲಿಲ್ಲ. 1846ರಲ್ಲಿ ಅವನು ಲಂಡನ್ನಿಗೆ ಹೋಗಿ, ನಲವತ್ತೇಳರ ವಯಸ್ಸಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಸದಸ್ಯರ ಅಭ್ಯಾಸಕ್ಕೆ ಚೆಂಡೆಸೆಯುವ ಕೆಲಸಕ್ಕೆ ಸೇರಿದ. ಇನ್ನೂ ಪಾನಗೃಹವನ್ನು ನೋಡಿಕೊಂಡು ಕೂರುವುದು ಸಾಕೆನಿಸಿರಬೇಕು.

ಅದೇ ವರ್ಷದ ಬೇಸಿಗೆಯ ಕೊನೆಗೆ ಅವನು ಮಾಡಿದ ಕೆಲಸ ಕ್ರಿಕೆಟ್ಟಿನ ಆರ್ಥಿಕತೆಯನ್ನೇ ಬದಲಿಸಿತು. ದೇಶದ ಅತ್ಯುತ್ತಮ ವೃತ್ತಿಪರರನ್ನು ಒಟ್ಟುಗೂಡಿಸಿ ‘ಆಲ್ ಇಂಗ್ಲೆಂಡ್ ಇಲೆವೆನ್’ ಎಂಬ ಸಂಚಾರಿ ತಂಡ ಕಟ್ಟಿದ. ಮೊದಲ ಪಂದ್ಯ ಷೆಫೀಲ್ಡಿನಲ್ಲಿ, ಆ ಊರಿನ ಇಪ್ಪತ್ತು ಜನರ ಎದುರು. ಹನ್ನೊಂದು ಜನರ ಎದುರು ಇಪ್ಪತ್ತು ಜನ ಆಡುವುದು ಇಂದಿನವರಿಗೆ ತಮಾಷೆಯೆನಿಸುತ್ತದೆ, ಆದರೆ ಅದರ ಹಿಂದೆ ಸರಳ ಲೆಕ್ಕವಿತ್ತು. ಯಾವುದೋ ಸಣ್ಣ ಊರಿನ ಹನ್ನೊಂದು ಮಂದಿ ದೇಶದ ಘಟಾನುಘಟಿಗಳ ಎದುರು ಒಂದು ಗಂಟೆಯೂ ನಿಲ್ಲಲಾರರು. ಪಂದ್ಯ ಮೂರು ದಿನ ನಡೆಯದಿದ್ದರೆ ಮೂರು ದಿನದ ಪ್ರವೇಶಧನ ಬಾರದು. ಹಾಗಾಗಿ ಆತಿಥೇಯ ಊರಿಗೆ ಹದಿನಾರೋ ಇಪ್ಪತ್ತೆರಡೋ ಆಟಗಾರರನ್ನು ಕೊಡುತ್ತಿದ್ದರು. ಅಷ್ಟೂ ಜನ ಬ್ಯಾಟ್ ಮಾಡುತ್ತಿದ್ದರು, ಅಷ್ಟೂ ಜನ ಒಟ್ಟಿಗೆ ಮೈದಾನದಲ್ಲಿ ನಿಂತು ಚೆಂಡು ತಡೆಯುತ್ತಿದ್ದರು. ಅಂತಹ ಇಪ್ಪತ್ತೆರಡರ ಒಂದು ಇನಿಂಗ್ಸ್ ಮುಗಿಯಬೇಕಾದರೆ ಇಪ್ಪತ್ತೊಂದು ವಿಕೆಟ್ ಬೀಳಬೇಕು. 1853ರ ಒಂದೇ ಋತುವಿನಲ್ಲಿ ಕ್ಲಾರ್ಕ್ 476 ವಿಕೆಟ್ ಪಡೆದನೆಂಬ ಲೆಕ್ಕವನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ರೈಲಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ. ನಾಟಿಂಗ್‌ಹ್ಯಾಮಿಗೆ ರೈಲು ಬಂದದ್ದು 1839ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ತುಂಬ ಹಳಿ ಹರಡಿತು. ಕ್ಲಾರ್ಕನ ತಂಡ ಸೋಮವಾರ ಒಂದು ಊರಿನಲ್ಲಿ, ಗುರುವಾರ ಇನ್ನೊಂದರಲ್ಲಿ ಆಡುವಂತಾಯಿತು. ಹಳಿ ಇಲ್ಲದ ಕಡೆ ಕುದುರೆಗಾಡಿ. ಊರಿನ ಕ್ಲಬ್ಬು ಮೊದಲೇ ಒಪ್ಪಿದ ಮೊತ್ತವನ್ನು ಕ್ಲಾರ್ಕನ ಕೈಗೆ ಕೊಡುತ್ತಿತ್ತು, ಪ್ರವೇಶಧನದಿಂದ ತನ್ನ ಖರ್ಚು ಹುಟ್ಟಿಸಿಕೊಳ್ಳುತ್ತಿತ್ತು. ಆಟಗಾರರಿಗೆ ಕ್ಲಾರ್ಕ್ ಪಂದ್ಯವೊಂದಕ್ಕೆ ನಾಲ್ಕರಿಂದ ಆರು ಪೌಂಡ್ ಎಣಿಸುತ್ತಿದ್ದ; ಪ್ರಯಾಣ, ಊಟ, ವಸತಿ ಎಲ್ಲವೂ ಅವರ ಪಾಲಿನದೇ. ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್. ಕಾಲುಚೀಲ ಹೆಣೆಯುವವನಿಗೆ 1840ರ ದಶಕದಲ್ಲಿ ವಾರಕ್ಕೆ ಹತ್ತು ಷಿಲಿಂಗ್ ಕೈಗೆ ಹತ್ತುವುದೂ ಕಷ್ಟವಿತ್ತು. ಹಾಗೆ ನೋಡಿದರೆ ಆಟಗಾರನ ಗಳಿಕೆ ಅದ್ಭುತ. ಆದರೆ ತಮ್ಮ ಬೆವರಿನಿಂದ ಕ್ಲಾರ್ಕ್ ಎಷ್ಟು ಉಳಿಸಿಕೊಳ್ಳುತ್ತಿದ್ದಾನೆ ಎಂಬುದೂ ಆಟಗಾರರ ಕಣ್ಣಿಗೆ ಬೀಳುತ್ತಿತ್ತು. 1852ರಲ್ಲಿ ಜಾನ್ ವಿಸ್ಡನ್, ಜೆಮ್ಮಿ ಡೀನ್ ಮೊದಲಾದವರು ಸಿಡಿದು ಹೋಗಿ ‘ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್’ ಕಟ್ಟಿಕೊಂಡರು. ಧಣಿಯ ಮರ್ಜಿಯಿಂದ ಆಟಗಾರನನ್ನು ಬಿಡಿಸಿದವನೇ ಹೊಸ ಧಣಿಯಾಗಿದ್ದ. 1856ರಲ್ಲಿ ಕ್ಲಾರ್ಕ್ ತೀರಿಕೊಂಡ. ಆ ವರ್ಷವೂ ಚೆಂಡೆಸೆಯುತ್ತಲೇ ಇದ್ದ, ಕೊನೆಯ ಎಸೆತಕ್ಕೂ ವಿಕೆಟ್ ಬಿತ್ತೆಂದು ಹೇಳುತ್ತಾರೆ.

ಅವನ ತಂಡದ ಚುಕ್ಕಾಣಿ ಹಿಡಿದವನು ರ‍್ಯಾಡ್‌ಕ್ಲಿಫ್-ಆನ್-ಟ್ರೆಂಟ್ ಹಳ್ಳಿಯ ಜಾರ್ಜ್ ಪಾರ್. ಎಡಗಾಲು ಮುಂದಿಟ್ಟು ಚೆಂಡನ್ನು ಕಾಲಿನ ಕಡೆಗೆ ಗುಡಿಸುವಂತೆ ಹೊಡೆಯುವುದು ಅವನ ಖ್ಯಾತಿ. ಟ್ರೆಂಟ್ ಬ್ರಿಜ್ಜಿನಲ್ಲಿ ಆ ಹೊಡೆತಗಳು ಬೇಲಿಯಂಚಿನ ಎಲ್ಮ್ ಮರವೊಂದಕ್ಕೆ ಮತ್ತೆಮತ್ತೆ ಬಡಿಯುತ್ತಿದ್ದುದರಿಂದ ಅದಕ್ಕೆ ಪಾರನ ಮರವೆಂದೇ ಹೆಸರಾಯಿತು. 1891ರಲ್ಲಿ ಅವನು ಸತ್ತಾಗ ಅದರದೊಂದು ಕೊಂಬೆಯನ್ನು ಶವಪೆಟ್ಟಿಗೆಯ ಮೇಲಿಟ್ಟು ಮಣ್ಣು ಮಾಡಿದರು. ಮರ 1976ರ ಬಿರುಗಾಳಿಗೆ ಉರುಳಿತು. 1859ರ ಸೆಪ್ಟೆಂಬರಿನಲ್ಲಿ ಪಾರ್ ಎರಡೂ ಸಂಚಾರಿ ತಂಡಗಳಿಂದ ಆರಾರು ಮಂದಿಯನ್ನು ಆರಿಸಿಕೊಂಡು ಲಿವರ್‌ಪೂಲಿನಿಂದ ಹಡಗು ಹತ್ತಿ ಕೆನಡಾ, ಅಮೆರಿಕಗಳಿಗೆ ಹೋದ. ಇಂಗ್ಲೆಂಡಿನ ಕ್ರಿಕೆಟ್ ತಂಡವೊಂದು ಕೈಗೊಂಡ ಮೊದಲ ವಿದೇಶ ಪ್ರವಾಸ ಇದು. ಅಕ್ಟೋಬರಿನ ಕೊನೆಗೆ ರಾಚೆಸ್ಟರಿನಲ್ಲಿ ಆಡುವಾಗ ಚಳಿ ತಡೆಯಲಾರದೆ ಆಟಗಾರರು ದಪ್ಪ ಕೋಟು, ಕೈಗವಸು ತೊಟ್ಟು ಫೀಲ್ಡಿಂಗ್ ಮಾಡಿದರು. ಪ್ರವಾಸ ಮುಗಿದಾಗ ತಲಾ ತೊಂಬತ್ತು ಪೌಂಡಿನಷ್ಟು ಕೈಗೆ ಬಂದಿತು. ಚಳಿಗಾಲದಲ್ಲೂ ಆಟದಿಂದ ದುಡಿಯಬಹುದೆಂಬುದು ಆಗ ಖಚಿತವಾಯಿತು. 1863ರಲ್ಲಿ ಪಾರ್ ಆಸ್ಟ್ರೇಲಿಯಕ್ಕೂ ತಂಡ ಕೊಂಡೊಯ್ದ.

ಮುಂದಿನ ತಲೆಮಾರಿಗೆ ನಾಟಿಂಗ್‌ಹ್ಯಾಮ್‌ಷೈರ್ ತಂಡ ಹೆಚ್ಚುಕಡಿಮೆ ವೃತ್ತಿಪರರಿಂದಲೇ ತುಂಬಿತ್ತು, ನಾಯಕತ್ವವೂ ಅವರದೇ. ಇತರ ಹೆಚ್ಚಿನ ಕೌಂಟಿಗಳಲ್ಲಿ ಸಿರಿವಂತ ಹವ್ಯಾಸಿಯೊಬ್ಬ ನಾಯಕನಾಗಿರಬೇಕೆಂಬುದು ಅಲಿಖಿತ ಕಟ್ಟಳೆಯಾಗಿದ್ದ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಬರ್ಟನ್ ಜಾಯ್ಸ್ ಹಳ್ಳಿಯ ಆಲ್‌ಫ್ರೆಡ್ ಷಾ 1877ರ ಮಾರ್ಚ್ 15ರಂದು ಮೆಲ್ಬರ್ನಿನಲ್ಲಿ ಟೆಸ್ಟ್ ಇತಿಹಾಸದ ಮೊತ್ತಮೊದಲ ಚೆಂಡನ್ನು ಎಸೆದವನು. ಅವನ ನಿಖರತೆ ಎಂತಹದೆಂದರೆ ಬಾಳಿನುದ್ದಕ್ಕೂ ಅವನು ಕೊಟ್ಟ ಓಟಗಳಿಗಿಂತ ಎಸೆದ ಓವರುಗಳೇ ಹೆಚ್ಚು (ಆ ಓವರುಗಳಲ್ಲಿ ಬಹುಪಾಲು ನಾಲ್ಕು ಎಸೆತದವೆಂಬುದನ್ನು ಮರೆಯಬಾರದು). ಲೇಸಿನ ವಿನ್ಯಾಸ ಬರೆಯುವ ಕೆಲಸ ಕಲಿತಿದ್ದ ಆರ್ಥರ್ ಷ್ರೂಸ್‌ಬರಿ ಆ ಕಾಲದ ಅತ್ಯಂತ ಗಟ್ಟಿ ಬ್ಯಾಟ್ಸ್‌ಮನ್. ಇವರಿಬ್ಬರೂ ಸೇರಿ ಊರಿನಲ್ಲಿ ಕ್ರೀಡಾಸಾಮಗ್ರಿಯ ವ್ಯಾಪಾರ ತೆರೆದರು, ಸಸೆಕ್ಸಿನ ಜೇಮ್ಸ್ ಲಿಲಿವೈಟನೊಡನೆ ಆಸ್ಟ್ರೇಲಿಯ ಪ್ರವಾಸಗಳನ್ನು ಏರ್ಪಡಿಸಿದರು, 1888ರಲ್ಲಿ ಅದೇ ಕಡಲದಾರಿಯಲ್ಲಿ ಒಂದು ರಗ್ಬಿ ತಂಡವನ್ನೂ ಕಳಿಸಿದರು.

ಇಂತಹ ವ್ಯವಹಾರಸ್ಥರಿಗೆ ಕ್ಲಬ್ಬಿನ ಮಾತಿನ ಭರವಸೆ ಸಾಲಲಿಲ್ಲ. 1881ರಲ್ಲಿ ಷಾ, ಷ್ರೂಸ್‌ಬರಿ ಮತ್ತು ಇನ್ನೈವರು ಲಿಖಿತ ಒಪ್ಪಂದ ಕೇಳಿದರು: ಇಡೀ ಋತುವಿಗೆ ಕೆಲಸದ ಖಾತರಿ, ದೀರ್ಘ ಸೇವೆಯ ಕೊನೆಗೆ ಆಟಗಾರನ ಸಹಾಯಾರ್ಥ ಪಂದ್ಯ, ಬಿಡುವಿನಲ್ಲಿ ತಾವೇ ಪಂದ್ಯ ಏರ್ಪಡಿಸುವ ಸ್ವಾತಂತ್ರ್ಯ. ಕ್ಲಬ್ಬಿನ ಕಾರ್ಯದರ್ಶಿ ಕ್ಯಾಪ್ಟನ್ ಹೆನ್ರಿ ಹೋಲ್ಡನ್ ಆ ಕೌಂಟಿಯ ಪೊಲೀಸ್ ಮುಖ್ಯಸ್ಥನೂ ಆಗಿದ್ದ. ಅವನು ಈ ಬೇಡಿಕೆಯನ್ನು ಎದುರಾಡುವ ಪೇದೆಗಳ ಮಾತಿನಂತೆ ಕೇಳಿಸಿಕೊಂಡದ್ದು ಆಶ್ಚರ್ಯವಲ್ಲ. ಏಳು ಮಂದಿಯನ್ನು ಹೊರಗಿಟ್ಟು ದುರ್ಬಲ ತಂಡವನ್ನು ಇಳಿಸಿದರು. ಒಬ್ಬೊಬ್ಬರಾಗಿ ಆಟಗಾರರು ಮಣಿದರು, ಕೊನೆಗೆ ಷಾ ಮತ್ತು ಷ್ರೂಸ್‌ಬರಿಯೂ ಕ್ಷಮೆ ಕೇಳಿ ಮರಳಿದರು. ಮುಷ್ಕರ ಸೋತಿತ್ತು; ಆದರೆ ಮರಳಿದ ಅದೇ ಆಟಗಾರರೊಡನೆ ನಾಟಿಂಗ್‌ಹ್ಯಾಮ್‌ಷೈರ್ 1880ರ ದಶಕದ ನಡುವಿನ ವರ್ಷಗಳಲ್ಲಿ ದೇಶದ ಪ್ರಬಲ ಕೌಂಟಿಯಾಗಿ ಮೆರೆಯಿತು.

ಕೇಳಿದ್ದು ದಕ್ಕಿದ್ದು ಇನ್ನೊಬ್ಬ ನಾಟಿಂಗ್‌ಹ್ಯಾಮಿನವನ ಕಾಲಕ್ಕೆ. ವಿಲಿಯಂ ಗನ್, ಆರಡಿಗೂ ಮೀರಿದ ಆಳು, ಫುಟ್‌ಬಾಲಿನಲ್ಲೂ ಇಂಗ್ಲೆಂಡಿನ ಪರ ಆಡಿದವನು. 1885ರಲ್ಲಿ ಥಾಮಸ್ ಮೂರ್ ಜೊತೆ ಬ್ಯಾಟ್ ತಯಾರಿಸುವ ಗನ್ ಅಂಡ್ ಮೂರ್ ಕಂಪನಿ ಸ್ಥಾಪಿಸಿದ. ಕೌಂಟಿಯ ಸಂಭಾವನೆಯೊಂದನ್ನೇ ನೆಚ್ಚಿ ಬದುಕಬೇಕಾದ ಸ್ಥಿತಿ ಅವನಿಗಿರಲಿಲ್ಲ. 1896ರಲ್ಲಿ ಓವಲ್ ಟೆಸ್ಟಿಗೆ ಆಯ್ಕೆಯಾದ ಐವರು ವೃತ್ತಿಪರರು ತಮ್ಮ ಹತ್ತು ಪೌಂಡ್ ಸಂಭಾವನೆಯನ್ನು ಇಪ್ಪತ್ತಕ್ಕೆ ಏರಿಸಬೇಕೆಂದು ಪಟ್ಟು ಹಿಡಿದಾಗ ಸರ್ರೆಯ ಮೂವರು ಹಿಂದೆ ಸರಿದು ಆಡಿದರು; ಗನ್ ಮತ್ತು ಜಾರ್ಜ್ ಲೋಮನ್ ಆಡಲಿಲ್ಲ. 1899ರ ಜೂನ್ 1ರಂದು ಟ್ರೆಂಟ್ ಬ್ರಿಜ್ಜಿನಲ್ಲಿ ಅಲ್ಲಿಯ ಮೊದಲ ಟೆಸ್ಟ್ ಆರಂಭವಾಯಿತು. ಡಬ್ಲ್ಯೂ. ಜಿ. ಗ್ರೇಸ್‌ಗೆ ಅದು ಕೊನೆಯ ಟೆಸ್ಟ್, ವಿಲ್‌ಫ್ರೆಡ್ ರೋಡ್ಸ್‌ಗೂ ಆಸ್ಟ್ರೇಲಿಯದ ವಿಕ್ಟರ್ ಟ್ರಂಪರನಿಗೂ ಮೊದಲನೆಯದು. ಗನ್ ಕೂಡ ಆಡಿದ. ಆ ಹೊತ್ತಿಗೆ ಇಂಗ್ಲೆಂಡಿನ ವೃತ್ತಿಪರನಿಗೆ ಟೆಸ್ಟ್ ಒಂದಕ್ಕೆ ಇಪ್ಪತ್ತು ಪೌಂಡ್ ನಿಗದಿಯಾಗಿತ್ತು.